ಹಳೆಯ ಮನೆಗಳ ವಿದ್ಯುತ್ ತಂತಿಗಳು

ಮನೆಗೆ ಬಂದ ಅತಿಥಿಗಳಿಗೆ ನಾವು ಹೊಸ ಬಣ್ಣವನ್ನು ತೋರಿಸುತ್ತೇವೆ, ಹೊಸದಾಗಿ ಹಾಸಿದ ನೆಲವನ್ನು ತೋರಿಸುತ್ತೇವೆ, ಅಡಿಗೆಮನೆಯ ಕರಿಯ ಕಲ್ಲನ್ನು ಕೈಯಿಂದ ಸವರಿ ತೋರಿಸುತ್ತೇವೆ. ಗೋಡೆಯ ಹಿಂದೆ ಹರಿದಿರುವ ತಂತಿಯನ್ನು ಯಾರೂ ಯಾರಿಗೂ ತೋರಿಸುವುದಿಲ್ಲ. ಅದು ಕಣ್ಣಿಗೆ ಬೀಳುವ ವಸ್ತುವಲ್ಲ. ಗುಂಡಿಯನ್ನು ಒತ್ತಿದೊಡನೆ ದೀಪ ಹತ್ತಿದರೆ ತಂತಿ ಸರಿಯಾಗಿದೆ ಎಂದೇ ನಮ್ಮ ನಂಬಿಕೆ. ಈ ನಂಬಿಕೆಗೆ ಆಧಾರವಿಲ್ಲವೆಂಬುದನ್ನು ನಾನು ತಡವಾಗಿ, ಅದೂ ಬೇರೊಬ್ಬರ ಮನೆಯ ಹುಡುಗನಿಗೆ ಅಪಾಯವಾದ ಮೇಲೆ, ತಿಳಿದುಕೊಂಡೆ. ಆದುದರಿಂದ ಈ ಲೇಖನದಲ್ಲಿ ಉಪದೇಶದ ಧ್ವನಿ ಕೇಳಿಬಂದರೆ ಅದರ ಮೊದಲ ಪಾಲು ನನಗೇ ಸಲ್ಲತಕ್ಕದ್ದು.

ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರ ಆಗಸ್ಟ್ 5ರಂದು. ಅದಕ್ಕೆ ಮೂರು ವರ್ಷ ಮುಂಚೆ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತ್ತು. ಆದರೆ ನಗರದ ಹೊರವಲಯದ ಕಥೆಯೇ ಬೇರೆ. ವೈಟ್‌ಫೀಲ್ಡು 1882ರಲ್ಲಿ ಚಾಮರಾಜೇಂದ್ರ ಒಡೆಯರು ಕೊಟ್ಟ ನೆಲದಲ್ಲಿ ಆಂಗ್ಲೋ-ಇಂಡಿಯನ್ನರು ಕಟ್ಟಿಕೊಂಡ ಪುಟ್ಟ ವಸತಿ. ಹೆಂಚಿನ ಮನೆ, ಹಣ್ಣಿನ ತೋಟ, ಸೀಮೆಎಣ್ಣೆಯ ದೀಪ. 1948ರಲ್ಲಿ ದೂರವಾಣಿ ಕಾರ್ಖಾನೆ ಬಂದಿತು. ಅದರ ಸುತ್ತ ದೂರವಾಣಿನಗರವೆಂಬ ಊರೇ ಹುಟ್ಟಿತು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವೂ, 1978ರಲ್ಲಿ ದಕ್ಷಿಣದ ಕಡೆ ಎಲೆಕ್ಟ್ರಾನಿಕ್ ಸಿಟಿಯೂ ಮೊದಲಾದುವು. ಕಾರ್ಖಾನೆಗೆ ಸೇರಿದವರು ಸಾಲ ಮಾಡಿ, ಹತ್ತಿರದ ಹಳ್ಳಿಗಳಲ್ಲಿ ಮೂವತ್ತು ನಲವತ್ತರ ನಿವೇಶನ ಕೊಂಡು ಮನೆ ಕಟ್ಟಿದರು. ಇಂದು ನಾವು ಹಳೆಯ ಮನೆ ಎನ್ನುವುದು ಬಹುಮಟ್ಟಿಗೆ ಈ ಮನೆಗಳನ್ನೇ. ಅರಮನೆಗಳಿಗೆ ಇತಿಹಾಸಕಾರರಿದ್ದಾರೆ, ಈ ಮನೆಗಳಿಗೆ ಇರುವವರು ಬಾಡಿಗೆದಾರರು ಮಾತ್ರ.

ದೂರವಾಣಿನಗರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನ ತಂದೆಯವರು 1976ರಲ್ಲಿ ಮಹದೇವಪುರದಲ್ಲಿ ಅಂಥದೊಂದು ಮನೆಯನ್ನು ಕಟ್ಟಿಸಿದರು. ಗೋಡೆಯ ಮೇಲೆ ತೇಗದ ಮರದ ಪಟ್ಟಿ. ಪಟ್ಟಿಯ ಮೇಲೆ ಸಣ್ಣ ತಗಡಿನ ಕ್ಲಿಪ್ಪುಗಳಲ್ಲಿ ಹಿಡಿದು ಕೂರಿಸಿದ ತಂತಿ. ತಂತಿ ಅಲ್ಯೂಮಿನಿಯಮ್ಮಿನದು. ತಾಮ್ರವನ್ನು ಬಹುಪಾಲು ಹೊರದೇಶದಿಂದ ತರಿಸಬೇಕಾಗಿದ್ದ ಆ ಕಾಲದಲ್ಲಿ ಸಾಧಾರಣ ಸಂಸಾರಸ್ಥರು ಅಲ್ಯೂಮಿನಿಯಮ್ಮನ್ನೇ ಹಾಕಿಸುತ್ತಿದ್ದರು. ಇದು ನಮ್ಮ ದೇಶದ ಬಡತನದ ಮಾತಷ್ಟೇ ಅಲ್ಲ. ತಾಮ್ರದ ಬೆಲೆ ಏರಿದಾಗ ಅಮೆರಿಕದಲ್ಲಿಯೂ 1965ರಿಂದ ಕೆಲವು ವರ್ಷಕಾಲ ಲಕ್ಷಾಂತರ ಮನೆಗಳಿಗೆ ಅಲ್ಯೂಮಿನಿಯಂ ತಂತಿಯನ್ನೇ ಹಾಕಿದರು, ಆಮೇಲೆ ಅಲ್ಲಿನ ಸರ್ಕಾರವೇ ಅದರ ಜೋಡಣೆಗಳ ವಿಷಯದಲ್ಲಿ ಎಚ್ಚರಿಕೆ ಕೊಡಬೇಕಾಯಿತು. ನಮ್ಮ ಮನೆಯಲ್ಲಿ ಆಗ ಇದ್ದುದು ಆರು ದೀಪ, ಎರಡು ಪಂಖ, ಒಂದು ರೇಡಿಯೋ. ಎಲ್ಲವನ್ನೂ ಒಮ್ಮೆಗೇ ಹಾಕಿದರೂ ಆರುನೂರು ವಾಟ್ ಮೀರುತ್ತಿರಲಿಲ್ಲ. ಎಂದರೆ ಎರಡೂವರೆ ಆಂಪಿಯರ್. ಆ ಕೆಲಸಕ್ಕೆ ಆ ತಂತಿ ಸಾಕಾಗಿತ್ತು. ತಂದೆಯವರು ತಪ್ಪು ಮಾಡಲಿಲ್ಲ.

ತಪ್ಪು ಶುರುವಾದುದು ಅನಂತರ. 1990ರ ದಶಕದಲ್ಲಿ ವೈಟ್‌ಫೀಲ್ಡಿನ ಕಡೆ ಮಾಹಿತಿ ತಂತ್ರಜ್ಞಾನದ ಕಂಪನಿಗಳು ಬಂದುವು, ಬಾಡಿಗೆಗೆ ಬೆಲೆ ಬಂದಿತು, 1998ರಲ್ಲಿ ನಾವು ಮೇಲಂತಸ್ತು ಏರಿಸಿದೆವು. ಮೇಲಿನ ಮನೆಗೆ ವಿದ್ಯುತ್ತನ್ನು ಎಲ್ಲಿಂದ ಕೊಟ್ಟೆವು? ಕೆಳಗಿನ ಹಳೆಯ ಹಲಗೆಯಿಂದಲೇ. ಮೇಲೆ ತಾಮ್ರದ ತಂತಿ, ಕೆಳಗೆ ಅಲ್ಯೂಮಿನಿಯಂ. ಎರಡನ್ನೂ ಕೈಯಿಂದ ಹುರಿಗಟ್ಟಿ, ಮೇಲೆ ಟೇಪು ಸುತ್ತಿ, ಮರದ ಪೆಟ್ಟಿಗೆಯೊಳಗೆ ತುರುಕಿದ್ದಾಯಿತು. ಬರಬರುತ್ತ ಗೀಸರ್ ಬಂದಿತು, ಬಟ್ಟೆ ಒಗೆಯುವ ಯಂತ್ರ ಬಂದಿತು, ತಂಪುಯಂತ್ರ ಬಂದಿತು. ಇಂದು ಇಂಥದೊಂದು ಮನೆಯಲ್ಲಿ ಗೀಸರ್ 3000 ವಾಟ್, ತಂಪುಯಂತ್ರ 1500, ಇಂಡಕ್ಷನ್ ಒಲೆ 2000, ಇಸ್ತ್ರಿಪೆಟ್ಟಿಗೆ 1000, ಹೊರಗೆ ನಿಲ್ಲಿಸಿದ ವಿದ್ಯುತ್ ಸ್ಕೂಟರಿಗೆ ಒಂದು 700 ಎಂದು ಕೂಡಿಸಿ ನೋಡಿರಿ. ಎಂಟು ಸಾವಿರ ದಾಟಿತು. ಸುಮಾರು 36 ಆಂಪಿಯರ್ ಆಯಿತು. ತಂತಿ ಮಾತ್ರ 1976ರದೇ.

ಇಲ್ಲಿ ನಮ್ಮ ತರುಣ ವಾಚಕರು ಶಾಲೆಯಲ್ಲಿ ಕಲಿತ ಒಂದು ನಿಯಮವನ್ನು ಜ್ಞಾಪಿಸಿಕೊಳ್ಳಬೇಕು. ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿ ಮರೆಯುವವರೇ ಹೆಚ್ಚು. 230 ವೋಲ್ಟಿನಲ್ಲಿ ಉರಿಯುವ 60 ವಾಟಿನ ದೀಪ ಎಳೆದುಕೊಳ್ಳುವುದು 0.26 ಆಂಪಿಯರ್, 3000 ವಾಟಿನ ಗೀಸರ್ ಎಳೆದುಕೊಳ್ಳುವುದು 13 ಆಂಪಿಯರ್. ಪ್ರವಾಹ ಐವತ್ತು ಮಡಿ ಹೆಚ್ಚಿತು. ಆದುದರಿಂದ ಅದೇ ತಂತಿಯಲ್ಲಿ ಉಷ್ಣ 2500 ಮಡಿ ಹೆಚ್ಚಿತು! ಒಂದೂವರೆ ಚದರ ಮಿಲಿಮೀಟರಿನ ಅಲ್ಯೂಮಿನಿಯಂ ತಂತಿ ಹೋಗಿಬರುವ ದಾರಿ ಸೇರಿ ಮೂವತ್ತು ಮೀಟರ್ ಇದ್ದರೆ ಅದರ ರೋಧ ಸುಮಾರು 0.54 ಓಮ್. ದೀಪ ಉರಿಯುವಾಗ ಆ ತಂತಿಯಲ್ಲಿ ವ್ಯಯವಾಗುವುದು ಒಂದು ವಾಟಿನ ಇಪ್ಪತ್ತೈದನೆಯ ಒಂದು ಭಾಗಕ್ಕಿಂತ ಕಡಿಮೆ. ಗೀಸರ್ ಹಾಕಿದಾಗ 90 ವಾಟಿಗೂ ಮೇಲೆ. ಅಷ್ಟು ಶಾಖವನ್ನು ಗೋಡೆಯ ಒಂದು ಗೆರೆಯುದ್ದಕ್ಕೂ ಬೆಳಗ್ಗೆ ಬೆಳಗ್ಗೆ ಕೊಟ್ಟುಕೊಂಡು ಬಂದೆವು. ತಂತಿಯ ಮೇಲಿನ ಪಿ.ವಿ.ಸಿ. ಹೊದಿಕೆ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ತಡೆಯಬಲ್ಲುದು. ಬಿಸಿ ಹೆಚ್ಚಿದಷ್ಟೂ ಅದರ ಮೆದುತನ ಆರಿಹೋಗಿ ಒಣಗಿದ ಹುಣಿಸೆ ಸಿಪ್ಪೆಯಂತೆ ಬಿರುಸಾಗುತ್ತದೆ. ನಮ್ಮ ಮನೆಯ ತಂತಿಯನ್ನು ಬಿಚ್ಚಿದಾಗ ಬಗ್ಗಿಸಿದ ಕಡೆಯೆಲ್ಲ ಹೊದಿಕೆ ಪುಡಿಯಾಗಿ ಉದುರಿತು.

ಆದರೂ ತಂತಿಯ ನಡುಭಾಗಕ್ಕಿಂತ ಅದರ ತುದಿಯೇ ಹೆಚ್ಚು ಅಪಾಯಕಾರಿ. ಅಲ್ಯೂಮಿನಿಯಂ ಗಾಳಿಗೆ ಸೋಕಿದೊಡನೆ ಅದರ ಮೇಲೆ ತೆಳುವಾದ ಆಕ್ಸೈಡಿನ ಪೊರೆ ಕಟ್ಟುತ್ತದೆ. ಆ ಪೊರೆ ವಿದ್ಯುತ್ತಿಗೆ ಅವಾಹಕ. ಬಿಸಿಯಾದಾಗ ತಾಮ್ರಕ್ಕಿಂತ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ, ತಣಿದಾಗ ಹೆಚ್ಚು ಕುಗ್ಗುತ್ತದೆ. ತಿರುಪಿನ ಅಡಿಯಲ್ಲಿ ಒತ್ತಿ ಹಿಡಿದರೆ ಮೆತ್ತಗೆ ಜಾರಿಕೊಳ್ಳುತ್ತ ಹೋಗುತ್ತದೆ. ಎರಡು ಲೋಹಗಳು ಸೇರಿದ ಕಡೆ ತೇವ ತಾಕಿದರೆ ಅಲ್ಯೂಮಿನಿಯಮ್ಮಿಗೆ ತುಕ್ಕು ತಗುಲುತ್ತದೆ. ಹೀಗೆ ಜೋಡಣೆ ಸಡಿಲವಾಗಿ ಅಲ್ಲಿ ಕೇವಲ 0.15 ಓಮಿನಷ್ಟು ರೋಧ ಹುಟ್ಟಿತೆಂದು ಇಟ್ಟುಕೊಳ್ಳೋಣ. 13 ಆಂಪಿಯರ್ ಹರಿದಾಗ ಅಲ್ಲಿ ಕಳೆದುಹೋಗುವುದು ಎರಡೇ ವೋಲ್ಟು. ಗೀಸರ್ ಕಾಯುತ್ತದೆ, ದೀಪ ಮಂಕಾಗುವುದಿಲ್ಲ, ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ಆ ಒಂದು ಬಿಂದುವಿನಲ್ಲಿ 25 ವಾಟ್ ಉಷ್ಣ ಏಳುತ್ತಿರುತ್ತದೆ. ರೇಡಿಯೋ ರಿಪೇರಿಯವನ ಬೆಸುಗೆ ಕಡ್ಡಿ ಸೀಸವನ್ನು ಕರಗಿಸುವುದು ಅಷ್ಟೇ ವಾಟಿನಿಂದ. ನಾವು ಅಂಥದೊಂದು ಬೆಸುಗೆ ಕಡ್ಡಿಯನ್ನು ಮರದ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿ ಇಪ್ಪತ್ತೈದು ವರ್ಷ ಕಳೆದಿದ್ದೆವು. ಬೆಂಕಿ ಹತ್ತಲಿಲ್ಲವೇಕೆಂದರೆ ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಇನ್ನು ಫ್ಯೂಸಿನ ಮಾತು. ಹಳೆಯ ಮನೆಗಳ ಬಾಗಿಲ ಮೇಲೆ ಬಿಳಿಯ ಪಿಂಗಾಣಿಯ ಕಟ್‌ಔಟುಗಳನ್ನು ನೀವು ಕಂಡಿರಬಹುದು. ಸಣ್ಣ ತಂತಿ ಸುಟ್ಟುಹೋದರೆ ಮತ್ತೆ ಕಟ್ಟಬೇಕು. ಮೂರು ಸಲ ಸುಟ್ಟರೆ ನಾಲ್ಕನೆಯ ಸಲ ಮನೆಯ ಯಜಮಾನ ಬೇಸತ್ತು, ಯಾವುದೋ ತಂತಿಯಿಂದ ಎರಡು ಎಳೆ ತಾಮ್ರವನ್ನು ಬಿಡಿಸಿ ಕಟ್ಟಿಬಿಡುತ್ತಾನೆ. ಅಂದಿನಿಂದ ಫ್ಯೂಸು ಸುಡುವುದಿಲ್ಲ. ಸುಡುವ ಸರದಿ ಗೋಡೆಯ ತಂತಿಯದಾಗುತ್ತದೆ. ನಾನೂ ಆ ಯಜಮಾನರಲ್ಲಿ ಒಬ್ಬ. ಫ್ಯೂಸು ಸರಿಯಾಗಿಯೇ ಇದ್ದರೂ ಅದು ತಂತಿಯ ಕಾವಲುಗಾರ, ಮನುಷ್ಯನ ಕಾವಲುಗಾರನಲ್ಲ ಎಂಬುದನ್ನು ಬಹಳ ಜನ ಅರಿಯರು. ಒದ್ದೆ ಮೈಯಲ್ಲಿ ನಿಂತ ಮನುಷ್ಯನ ಮೂಲಕ ಹರಿಯುವುದು ಒಂದು ಆಂಪಿಯರಿನ ಅಲ್ಪ ಭಾಗವಷ್ಟೇ. ಹೃದಯದ ಬಡಿತವನ್ನು ಕೆಡಿಸಲು ಅದು ಧಾರಾಳವಾಗಿ ಸಾಕು. ಐದು ಆಂಪಿಯರಿನ ಫ್ಯೂಸಿಗೆ ಅದು ಲೆಕ್ಕಕ್ಕೇ ಬಾರದು.

2023ರ ಮಳೆಗಾಲದಲ್ಲಿ ಒಂದು ಬೆಳಗ್ಗೆ ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದವರ ಮಗ, ಪಿ.ಯು.ಸಿ. ಓದುತ್ತಿದ್ದ ಹುಡುಗ, ಸ್ನಾನಕ್ಕೆಂದು ಹೋಗಿ ಗೀಸರಿನ ಲೋಹದ ಪೈಪನ್ನು ಮುಟ್ಟಿದ. ಹಿಂದಕ್ಕೆ ಬಿದ್ದುದೇ ಅವನ ಪುಣ್ಯ. ಬಿದ್ದುದರಿಂದ ಕೈ ಬಿಟ್ಟಿತು. ತಲೆಗೆ ಪೆಟ್ಟಾಯಿತು, ಪ್ರಾಣ ಉಳಿಯಿತು. ಬೋರ್‌ವೆಲ್ಲಿನ ಗಡಸು ನೀರಿನಿಂದ ಗೀಸರಿನೊಳಗಿನ ಕಾಯಿಸುವ ಕಡ್ಡಿ ತೂತಾಗಿ ವಿದ್ಯುತ್ತು ಹೊರಕವಚಕ್ಕೆ ಇಳಿದಿತ್ತು. ಇಂಥದು ನಡೆಯುವುದುಂಟು, ಅದಕ್ಕಾಗಿಯೇ ಮೂರನೆಯ ಮುಳ್ಳು, ಭೂಸಂಪರ್ಕದ ತಂತಿ, ಇರುವುದು. ನಮ್ಮಲ್ಲಿಯೂ ಆ ತಂತಿ ಇತ್ತು. ಆದರೆ ಅದು ಭೂಮಿಗೆ ಹೋಗುತ್ತಿರಲಿಲ್ಲ.

ಏಕೆಂಬುದನ್ನು ಹುಡುಕಿದಾಗ ಸಿಕ್ಕ ಕಾರಣವನ್ನು ವಿವರವಾಗಿ ಹೇಳಬೇಕು. ಇದು ನಮ್ಮ ಮನೆಯೊಂದರ ಕಥೆಯಾಗಿರಲಾರದು. ಮೇಲಂತಸ್ತು ಕಟ್ಟಿದಾಗ ಭೂಸಂಪರ್ಕದ ತಂತಿಯನ್ನು ಬೇರೆ ಗುಂಡಿಗೆ ಒಯ್ಯುವ ಶ್ರಮವೇಕೆಂದು ಬಚ್ಚಲಿನ ಕಬ್ಬಿಣದ ನೀರಿನ ಕೊಳವೆಗೇ ಸುತ್ತಿ ಬಿಟ್ಟಿದ್ದರು. ಕೊಳವೆ ನೆಲದೊಳಗೆ ದೂರ ಹೋಗಿದ್ದುದರಿಂದ ಹೇಗೋ ಕೆಲಸ ನಡೆಯುತ್ತಿತ್ತು. 2011ರಲ್ಲಿ ಕೊಳವೆ ತುಕ್ಕು ಹಿಡಿದು ಸೋರತೊಡಗಿತು. ಕೊಳಾಯಿಯವನು ಬಂದು ಕಬ್ಬಿಣವನ್ನು ಕಿತ್ತು ಪ್ಲಾಸ್ಟಿಕ್ಕಿನ ಕೊಳವೆ ಹಾಕಿದ. ಒಳ್ಳೆಯ ಕೆಲಸವನ್ನೇ ಮಾಡಿದ. ಆದರೆ ಪ್ಲಾಸ್ಟಿಕ್ಕು ವಿದ್ಯುದ್ವಾಹಕವಲ್ಲ. ಅಂದೇ ಮೇಲಿನ ಮನೆಯ ಭೂಸಂಪರ್ಕ ಕಡಿದುಹೋಯಿತು. ಅದು ಕೊಳಾಯಿಯವನಿಗೆ ತಿಳಿಯುವಂತಿರಲಿಲ್ಲ. ವಿದ್ಯುತ್ ಕೆಲಸಗಾರನನ್ನು ಯಾರೂ ಕರೆಯಲಿಲ್ಲ. ಹನ್ನೆರಡು ವರ್ಷ ಹಾಗೆಯೇ ನಡೆಯಿತು.

ಈ ಮಧ್ಯೆ ತಪಾಸಣೆಯೇ ಆಗಲಿಲ್ಲವೇ ಎಂದರೆ, ಆಯಿತು. ಒಬ್ಬ ಕೆಲಸಗಾರ ನಿಯಾನ್ ಟೆಸ್ಟರನ್ನು ಮೂರನೆಯ ತೂತಿಗೆ ತೂರಿಸಿ, ದೀಪ ಹತ್ತಲಿಲ್ಲ, ‘ಅರ್ತ್ ಸರಿಯಾಗಿದೆ ಸಾರ್’ ಎಂದಿದ್ದ. ಭೂಮಿಗೆ ಸೇರಿದ ತಂತಿಯಲ್ಲಿಯೂ ಆ ಟೆಸ್ಟರ್ ಹತ್ತುವುದಿಲ್ಲ, ಎಲ್ಲಿಗೂ ಸೇರದ ತಂತಿಯಲ್ಲಿಯೂ ಬಹುಮಟ್ಟಿಗೆ ಹತ್ತುವುದಿಲ್ಲ. ಕೆಲವರು ನೂರು ವಾಟಿನ ದೀಪವನ್ನು ಲೈನಿಗೂ ಅರ್ತಿಗೂ ನಡುವೆ ಕೂಡಿಸಿ ನೋಡುತ್ತಾರೆ. ಇದು ಮೊದಲಿನದಕ್ಕಿಂತ ಮೇಲು. ಆದರೂ ಭೂಸಂಪರ್ಕದ ರೋಧ 100 ಓಮ್ ಇದ್ದರೂ ಆ ದೀಪ ಚೆನ್ನಾಗಿಯೇ ಉರಿಯುತ್ತದೆ. 100 ಓಮಿನ ಮೂಲಕ ಭೂಮಿಗೆ ಹರಿಯಬಲ್ಲುದು 2.3 ಆಂಪಿಯರ್ ಮಾತ್ರ. ಫ್ಯೂಸೂ ಸುಡದು, ಸ್ವಿಚ್ಚೂ ಬೀಳದು, ಗೀಸರಿನ ಮೈಯಲ್ಲಿ ವಿದ್ಯುತ್ತು ಕುಳಿತೇ ಇರುತ್ತದೆ. ಭೂಸಂಪರ್ಕದ ರೋಧವನ್ನು ಅಳೆಯಲು ಮಾಪಕವೇ ಬೇಕು.

ಇದಲ್ಲದೆ ಭೂಮಿಗೂ ನೀರು ಬೇಕು. ಗುಂಡಿ ತೋಡಿ, ಕಬ್ಬಿಣದ ಕೊಳವೆ ನಿಲ್ಲಿಸಿ, ಇದ್ದಿಲು ಉಪ್ಪು ತುಂಬುವ ಪದ್ಧತಿ ಹಳೆಯದು, ಒಳ್ಳೆಯದು. ಆದರೆ ಆಗಾಗ ನೀರು ಹಾಕದಿದ್ದರೆ ಆ ಗುಂಡಿ ಒಣಗಿ ರೋಧ ಏರುತ್ತದೆ. 2024ರ ಬೇಸಗೆಯಲ್ಲಿ ಕುಡಿಯುವ ನೀರಿಗಾಗಿ ವೈಟ್‌ಫೀಲ್ಡು, ಮಹದೇವಪುರಗಳ ಜನ ಟ್ಯಾಂಕರಿನ ದಾರಿ ಕಾಯುತ್ತಿದ್ದರು. ಅರ್ತ್ ಗುಂಡಿಗೆ ಒಂದು ಕೊಡ ನೀರು ಹೊಯ್ದವರು ಎಷ್ಟು ಮಂದಿಯೋ! ಸುತ್ತ ಸಿಮೆಂಟಿನ ಹಾಸು ಹಾಕಿ ಗುಂಡಿ ಎಲ್ಲಿದೆಯೆಂಬುದನ್ನೇ ಮರೆತ ಮನೆಗಳೂ ಉಂಟು.

ಅದೇ 2023ರ ನವೆಂಬರ್ 19ರ ಬೆಳಗಿನ ಜಾವ ವೈಟ್‌ಫೀಲ್ಡಿನ ಹೋಪ್ ಫಾರಂ ಬಳಿ ಕಾಲುದಾರಿಯ ಮೇಲೆ ಕಡಿದು ಬಿದ್ದಿದ್ದ ವಿದ್ಯುತ್ ತಂತಿಯನ್ನು ತುಳಿದು ಒಬ್ಬ ತಾಯಿಯೂ ಆಕೆಯ ಹಸುಗೂಸೂ ತೀರಿಕೊಂಡರು. ನಾಡೇ ಮರುಗಿತು, ಕೋಪಗೊಂಡಿತು, ಕೋಪಗೊಳ್ಳಬೇಕಾದದ್ದೇ. ಆ ವಾರ ನಾನೂ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಮಾತನಾಡಿದೆ. ಮಾತನಾಡುತ್ತಿರುವಾಗಲೇ ನಮ್ಮ ಬಚ್ಚಲುಮನೆಯ ನೆನಪಾಗಿ ನಾಲಗೆ ತಡೆಯಿತು. ಬೀದಿಯ ತಂತಿಗೆ ಜವಾಬ್ದಾರರು ಯಾರೆಂದು ಕೇಳುವ ನಾವು, ಗೋಡೆಯೊಳಗಿನ ತಂತಿಗೆ ಜವಾಬ್ದಾರರು ನಾವೇ ಆಗಿರುವಾಗ ಕೇಳುವುದಿಲ್ಲ.

ಈಗ ವಿವಾದದ ವಿಷಯಕ್ಕೆ ಬರುತ್ತೇನೆ. ಹುಡುಗ ಬಿದ್ದ ಮೇಲೆ ನಾನು ಮೊದಲು ಮಾಡಿಸಿದ್ದು ಆರ್.ಸಿ.ಸಿ.ಬಿ. ಎಂಬ ರಕ್ಷಕ ಸ್ವಿಚ್ಚನ್ನು. ಇದರ ತತ್ತ್ವ ಸುಂದರವಾದುದು. ಮನೆಯೊಳಕ್ಕೆ ಹೋದ ಪ್ರವಾಹವೆಷ್ಟೋ ಅಷ್ಟೇ ಹಿಂತಿರುಗಿ ಬರಬೇಕಷ್ಟೆ? ಹೋಗುವ ತಂತಿಯನ್ನೂ ಬರುವ ತಂತಿಯನ್ನೂ ಒಂದೇ ಕಬ್ಬಿಣದ ಬಳೆಯೊಳಗೆ ಹಾಯಿಸಿದರೆ ಅವುಗಳ ಕಾಂತಪ್ರಭಾವ ಒಂದನ್ನೊಂದು ಅಳಿಸಿಬಿಡುತ್ತದೆ. ಒಂದಿಷ್ಟು ಪ್ರವಾಹ ದಾರಿ ತಪ್ಪಿ ಮನುಷ್ಯನ ಮೂಲಕವೋ ಗೋಡೆಯ ಮೂಲಕವೋ ಭೂಮಿಗೆ ಹೋದರೆ ಲೆಕ್ಕ ತಪ್ಪುತ್ತದೆ. ಆ ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಸ್ವಿಚ್ಚು ಸಿಡಿದು, ಸೆಕೆಂಡಿನ ಅಲ್ಪಾಂಶದಲ್ಲಿ ಸಂಪರ್ಕ ಕಡಿಯುತ್ತದೆ. ನಮ್ಮ ಮನೆಯಲ್ಲಿ ಅದನ್ನು ಕೂರಿಸಿದ ದಿನವೇ ಮೂರು ಸಲ ಬಿದ್ದಿತು. ಮಳೆ ಬಂದ ರಾತ್ರಿ ನಿಲ್ಲಲೇ ಇಲ್ಲ. ‘ಹಳೇ ಮನೆಗೆ ಇದು ಆಗಿಬರಲ್ಲ ಸಾರ್, ತೆಗೆದುಬಿಡೋಣ’ ಎಂದ ಕೆಲಸಗಾರ. ಬಾಡಿಗೆದಾರರೂ ಕತ್ತಲಲ್ಲಿ ಕೂತು ಬೇಸತ್ತಿದ್ದರು. ಈ ಸಲಹೆಯನ್ನು ಒಪ್ಪಿ ಆ ಸ್ವಿಚ್ಚನ್ನು ತೆಗೆಸಿದ ಇಬ್ಬರು ಮನೆಯೊಡೆಯರು ನಮ್ಮ ಬೀದಿಯಲ್ಲಿಯೇ ಇದ್ದಾರೆ.

ಜ್ವರ ತೋರಿಸಿತೆಂದು ಜ್ವರಮಾಪಕವನ್ನು ಒಡೆಯುವುದು ಯಾವ ನ್ಯಾಯ? ಬೇರೊಬ್ಬ ಅನುಭವಸ್ಥ ಕೆಲಸಗಾರರನ್ನು ಕರೆಸಿದೆ. ಅವರು 500 ವೋಲ್ಟಿನ ಮೆಗ್ಗರ್ ಹಚ್ಚಿ ಒಂದೊಂದು ಮಂಡಲವನ್ನೂ ಬಿಡಿಸಿ ಅಳೆದರು. ತಂತಿಗೂ ಭೂಮಿಗೂ ನಡುವಣ ರೋಧ ಕನಿಷ್ಠ ಹತ್ತು ಲಕ್ಷ ಓಮಾದರೂ ಇರಬೇಕು. ಅಡಿಗೆಮನೆಯ ಸಾಲಿನಲ್ಲಿ ಹತ್ತು ಸಾವಿರವೂ ಇರಲಿಲ್ಲ. ಬಿರುಕು ಬಿಟ್ಟ ಹೊದಿಕೆ, ನೆನೆದ ಗಾರೆ. ಮೇಲಿನ ಮನೆಯ ಹಿಂತಿರುಗುವ ತಂತಿ ಕೆಳಗಿನದರೊಡನೆ ಬೆರೆತಿತ್ತು. ‘ಒಂದೊಂದನ್ನೇ ರಿಪೇರಿ ಮಾಡಬಹುದು ಸಾರ್, ಆದರೆ ಇಲ್ಲಿ ಮುಚ್ಚಿದರೆ ಅಲ್ಲಿ ಬಾಯಿ ಬಿಡುತ್ತೆ’ ಎಂದರು. ನಾನು ಒಪ್ಪಿದೆ. ನಲವತ್ತು ವರ್ಷ ಕಳೆದ ಅಲ್ಯೂಮಿನಿಯಂ ತಂತಿಗೆ ತೇಪೆ ಹಾಕುವುದು ದುಂದುಗಾರಿಕೆಯೆಂಬುದು ನನ್ನ ಖಚಿತವಾದ ಅಭಿಪ್ರಾಯ. ಪೂರ್ತಿಯಾಗಿ ಕಿತ್ತು ಹೊಸದಾಗಿ ಎಳೆಯಬೇಕು.

ಇದಕ್ಕೆ ಬರುವ ಆಕ್ಷೇಪಣೆಗಳು ಎರಡು: ಖರ್ಚು ಮತ್ತು ಧೂಳು. ಖರ್ಚಿನ ಮಾತು ನಿಜ. ಆದರೆ ನಮಗೆ ಆದ ವೆಚ್ಚ ಆ ವರ್ಷ ಎರಡಂತಸ್ತಿಗೆ ಬಣ್ಣ ಬಳಿಯಲು ಕೇಳಿದ ಮೊತ್ತಕ್ಕಿಂತ ಸ್ವಲ್ಪವೇ ಹೆಚ್ಚು; ಬಣ್ಣವನ್ನು ಮುಂದಕ್ಕೆ ಹಾಕಿದೆವು. ಧೂಳಿನ ವಿಷಯಕ್ಕೆ ಹೇಳುವುದಾದರೆ, ಗೋಡೆಯನ್ನು ಕೊರೆದೇ ತಂತಿ ಎಳೆಯಬೇಕೆಂಬ ಹಟ ನಮ್ಮ ಕಾಲದ ಒಂದು ಶೋಕಿ. ನಮ್ಮ ಅಜ್ಜಂದಿರ ಕಾಲದಲ್ಲಿ ತಂತಿಯನ್ನು ಮರದ ಕೇಸಿಂಗಿನೊಳಗಿಟ್ಟು ಗೋಡೆಯ ಮೇಲೆಯೇ ಒಯ್ಯುತ್ತಿದ್ದರು. ಅದೇ ಪದ್ಧತಿ ಇಂದು ಬಿಳಿಯ ಪಿ.ವಿ.ಸಿ. ಕೇಸಿಂಗಿನ ರೂಪದಲ್ಲಿ ಸಿಕ್ಕುತ್ತದೆ. ನಾವು ಹಾಗೆಯೇ ಮಾಡಿಸಿದೆವು. ಒಂಬತ್ತು ದಿನದಲ್ಲಿ ಕೆಲಸ ಮುಗಿಯಿತು, ಬಾಡಿಗೆದಾರರು ಮನೆ ಬಿಡಬೇಕಾಗಲಿಲ್ಲ. ನೆಂಟರು ‘ಆಫೀಸಿನ ಹಾಗೆ ಕಾಣುತ್ತೆ’ ಎಂದು ಮೂಗು ಮುರಿದರು. ಕಾಣಲಿ. ಮುಂದೆ ತಂತಿ ಕೆಟ್ಟರೆ ಮುಚ್ಚಳ ತೆಗೆದು ನೋಡಬಹುದಲ್ಲ!

ದೀಪಗಳಿಗೆ ಒಂದೂವರೆ ಚದರ ಮಿಲಿಮೀಟರ್, ಸಾಕೆಟ್ಟುಗಳಿಗೆ ಎರಡೂವರೆ, ಗೀಸರಿಗೂ ತಂಪುಯಂತ್ರಕ್ಕೂ ನಾಲ್ಕು, ಎಲ್ಲವೂ ತಾಮ್ರ. ಹಳಬರಾದ ನಮ್ಮ ಕೆಲಸಗಾರರು ಈಗಲೂ ‘ಮೂರು ಇಪ್ಪತ್ತು, ಏಳು ಇಪ್ಪತ್ತು’ ಎಂದೇ ಲೆಕ್ಕ ಹೇಳುತ್ತಾರೆ: ಇಪ್ಪತ್ತನೆಯ ಗೇಜಿನ ಮೂರೆಳೆ, ಏಳೆಳೆ ಎಂದರ್ಥ. ಆ ಏಳು ಇಪ್ಪತ್ತೇ ಸುಮಾರು ಇಂದಿನ ನಾಲ್ಕು. ಹಿಂದೆ 90 ವಾಟ್ ನುಂಗುತ್ತಿದ್ದ ಗೀಸರಿನ ಸಾಲು ಈಗ 25 ವಾಟಿನೊಳಗೆ ನಿಂತಿದೆ. ಹೊಸ ಅರ್ತ್ ಗುಂಡಿಯಾಯಿತು. ರಕ್ಷಕ ಸ್ವಿಚ್ಚು ಮಹಡಿಗೊಂದರಂತೆ ಎರಡು. ಆ ಮೇಲೆ ಸುಮ್ಮಸುಮ್ಮನೆ ಬಿದ್ದಿಲ್ಲ.

ಆದರೆ ಸ್ವಂತ ಮನೆಯವರಿಗೆ ಇಷ್ಟು ಹೇಳಿದರೆ ಸಾಲದು. ಪೀಣ್ಯದ ಸುತ್ತಲಿನ ಲಗ್ಗೆರೆ, ಹೆಗ್ಗನಹಳ್ಳಿಗಳಲ್ಲಿ ಒಂದೇ ಕಟ್ಟಡದಲ್ಲಿ ಎಂಟು ಹತ್ತು ಒಂಟಿ ಕೋಣೆಗಳ ವಠಾರಗಳಿವೆ. ಹಗಲೆಲ್ಲ ಕಾರ್ಖಾನೆಯಲ್ಲಿ ದೊಡ್ಡ ಯಂತ್ರ ನಡೆಸುವವನು ರಾತ್ರಿ ಎರಡು ಮುಳ್ಳಿನ ಪ್ಲಗ್ಗಿನಲ್ಲಿ ನೀರು ಕಾಯಿಸುವ ಕಡ್ಡಿಯನ್ನು ಬಕೆಟ್ಟಿಗೆ ಇಳಿಬಿಡುತ್ತಾನೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಗಣಕಯಂತ್ರಗಳಿಗಾಗಿ ಭೂಸಂಪರ್ಕದ ಗುಂಡಿಗಳನ್ನು ಸಾಲುಸಾಲಾಗಿ ತೋಡಿ, ಅಳೆದು, ಪುಸ್ತಕದಲ್ಲಿ ಬರೆದಿಡುತ್ತಾರೆ. ಆ ಯಂತ್ರ ನೋಡಿಕೊಳ್ಳುವ ತರುಣ ಮಲಗುವ ಕೋಣೆಗೆ ಆ ಗೌರವವಿಲ್ಲ. ಬಾಡಿಗೆದಾರನು ಗೋಡೆ ಬಿಚ್ಚಿಸಲಾರ, ಮನೆಯೊಡೆಯನು ಬಿಚ್ಚಿಸಬೇಕಾಗಿಲ್ಲ. ಸಂಪರ್ಕ ಕೊಡುವಾಗ ಪರವಾನಗಿ ಪಡೆದ ಕಂತ್ರಾಟುದಾರರ ಪರೀಕ್ಷಾ ವರದಿ ಕೇಳುತ್ತಾರೆ; ಆಮೇಲೆ ನಮ್ಮ ಮನೆಗೆ ನಲವತ್ತೇಳು ವರ್ಷ ಯಾರೂ ಬಂದು ಕೇಳಲಿಲ್ಲ. ಹದಿನೈದು ವರ್ಷ ದಾಟಿದ ಕಾರನ್ನು ಪರೀಕ್ಷಿಸಿ ಮತ್ತೆ ನೋಂದಾಯಿಸದೆ ರಸ್ತೆಗೆ ಬಿಡದ ದೇಶವಿದು. ಇಂಗ್ಲೆಂಡಿನಲ್ಲಿ 2020ರ ಕಾನೂನಿನಂತೆ ಬಾಡಿಗೆ ಮನೆಗಳ ತಂತಿಗಳನ್ನು ಐದು ವರ್ಷಕ್ಕೊಮ್ಮೆಯಾದರೂ ಅರ್ಹರಿಂದ ಪರೀಕ್ಷೆ ಮಾಡಿಸಿ ವರದಿಯನ್ನು ಬಾಡಿಗೆದಾರನ ಕೈಗೆ ಕೊಡಬೇಕು. ನಮ್ಮಲ್ಲಿಯೂ ಬಾಡಿಗೆ ಕರಾರಿನ ಜೊತೆಗೆ ಅಂಥದೊಂದು ಹಾಳೆ ಇರತಕ್ಕದ್ದು. ಮುಂಗಡದ ಮೊತ್ತವನ್ನು ಅಷ್ಟು ಜಾಗ್ರತೆಯಿಂದ ಬರೆದುಕೊಳ್ಳುವ ನಮಗೆ ಇನ್ನೊಂದು ಹಾಳೆ ಭಾರವಲ್ಲ. ಮನೆಯೊಡೆಯನಾಗಿಯೇ ನಾನು ಇದನ್ನು ಹೇಳುತ್ತಿದ್ದೇನೆ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಸ್ಕ್ರೂಡ್ರೈವರ್ ಹಿಡಿದು ಹಲಗೆ ಬಿಚ್ಚುವ ಸಾಹಸ ಬೇಡ. ಕಣ್ಣೂ ಮೂಗೂ ಸಾಕು. ಗೀಸರಿನ ಪ್ಲಗ್ಗು ಬೆಚ್ಚಗಾಗುವುದೇ? ಸಾಕೆಟ್ಟಿನ ತೂತಿನ ಸುತ್ತ ಕಂದುಬಣ್ಣವಿದೆಯೇ? ಸುಟ್ಟ ಮೀನಿನಂಥ ವಾಸನೆ ಎಲ್ಲಿಂದಲಾದರೂ ಬರುತ್ತದೆಯೇ? ಮೀಟರಿನ ಬಳಿಯ ಪೆಟ್ಟಿಗೆಯಲ್ಲಿ ‘ಟಿ’ ಎಂಬ ಅಕ್ಷರದ ಸಣ್ಣ ಗುಂಡಿಯುಳ್ಳ ಸ್ವಿಚ್ಚಿದೆಯೇ? ಇದ್ದರೆ ಹಿರಿಯರಿಗೆ ಹೇಳಿ ತಿಂಗಳಿಗೊಮ್ಮೆ ಅದನ್ನು ಒತ್ತಿಸಿರಿ. ಒತ್ತಿದೊಡನೆ ಮನೆ ಕತ್ತಲಾದರೆ ಸ್ವಿಚ್ಚು ಜೀವಂತವಾಗಿದೆ. ಇಲ್ಲದಿದ್ದರೆ, ಏಕಿಲ್ಲವೆಂದು ಕೇಳಿರಿ.

ಮೇಲಿನ ಮನೆಯ ಹುಡುಗ ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ತಂತಿ ಬದಲಿಸುವಾಗ ಒಂಬತ್ತು ದಿನವೂ ಕೆಲಸಗಾರರ ಹಿಂದೆಯೇ ಇದ್ದು, ಯಾವ ಸಾಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದರ ನಕ್ಷೆಯನ್ನು ಬರೆದು ಪೆಟ್ಟಿಗೆಯ ಬಾಗಿಲ ಒಳಮೈಗೆ ಅಂಟಿಸಿದ. 1976ರ ಮನೆಗೆ ಅಂಥ ನಕ್ಷೆ ಇದೇ ಮೊದಲನೆಯದು. ಅದರ ಕೆಳಗೆ ಅವನೇ ಬರೆದಿದ್ದಾನೆ: ಪರೀಕ್ಷಿಸಿದ್ದು 2024, ಮುಂದಿನ ಪರೀಕ್ಷೆ 2029.